ಮೂರನೇ ಕವರಿನ ಡಾಕ್ಟರಮ್ಮ

ಸತ್ತವರ ತಪ್ಪುಗಳನ್ನು ಆಡಬಾರದು ಅನ್ನುತ್ತಾರೆ. ನಮ್ಮ ಡಾಕ್ಟರಮ್ಮನ ವಿಷಯದಲ್ಲಿ ಈ ರೂಢಿಯನ್ನು ಪಾಲಿಸಿದರೆ ನನಗೆ ಬರೆಯುವುದಕ್ಕೆ ಏನೂ ಉಳಿಯುವುದಿಲ್ಲ. ಅವರ ತಪ್ಪುಗಳನ್ನು ಅವರಷ್ಟು ಶ್ರದ್ಧೆಯಿಂದ ಹುಡುಕಿದವರು, ಹುಡುಕಿ ಜೋಪಾನವಾಗಿ ಕವರಿನಲ್ಲಿ ಹಾಕಿಟ್ಟವರು ಬೇರೆ ಯಾರೂ ಇರಲಿಲ್ಲ. ಹೋದ ತಿಂಗಳು ಕೊಯಮತ್ತೂರಿನಿಂದ ಅವರ ತಂಗಿಯ ಮಗಳು ಫೋನ್ ಮಾಡಿ, "ದೊಡ್ಡಮ್ಮ ಹೋಗ್ಬಿಟ್ರು. ನಿಮ್ಗೆ ಹೇಳ್ಬೇಕು ಅಂತ ಡೈರೀಲಿ ನಂಬರ್ ಬರ್ದಿಟ್ಟಿದ್ರು" ಅಂದಳು. ಆ ಡೈರಿಯಲ್ಲಿ ನನ್ನ ನಂಬರು ತಪ್ಪಾಗಿ ಬರೆದು, ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿದ್ದರಂತೆ. ತಪ್ಪಿದ್ದು ಕೂಡ ಓದಲು ಬರುವ ಹಾಗೆ ಒಂದೇ ಗೆರೆ ಹೊಡೆದಿದ್ದರಂತೆ. ಇದು ಅವರದೇ ರೀತಿ ಅಂದುಕೊಂಡೆ.

ಎಂಬತ್ತರ ದಶಕದ ಕೊನೆಯ ಭಾಗದಲ್ಲಿ ನಾನು ಕೊಯಮತ್ತೂರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸದಲ್ಲಿದ್ದೆ. ನಮ್ಮದು ಸೂಲೂರಿನ ಹತ್ತಿರದ ಹಳ್ಳಿ, ಹೊಲ ಉಳುವ ಮನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ಚಾಮರಾಜನಗರಕ್ಕೆ ಬಂದ ಮೇಲೆ. ಡಾಕ್ಟರಮ್ಮ ಕೊಯಮತ್ತೂರು ಪೇಟೆಯವರೇ, ಅವರ ಮನೆತನ ಮೈಸೂರು ಬಿಟ್ಟು ನಾಲ್ಕು ತಲೆಮಾರಾಗಿತ್ತು. ಅವರಿಗೂ ಕನ್ನಡ ಓದಲು ಬರುತ್ತಿರಲಿಲ್ಲ. ಹೀಗೆ ಇಬ್ಬರು ನಿರಕ್ಷರಿಗಳು ಸೇರಿ ಎಕ್ಸ್-ರೇ ಕೋಣೆಯಲ್ಲಿ ಕನ್ನಡವನ್ನು ಗುಟ್ಟಿನ ಭಾಷೆ ಮಾಡಿಕೊಂಡಿದ್ದೆವು.

ಆ ಗುಟ್ಟು ಒಂದು ಸಲ ಕೈಕೊಟ್ಟಿತು. ಒಬ್ಬ ಪಂಪ್ ಕಾರ್ಖಾನೆಯ ಯಜಮಾನರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಆಕೆಗೆ ಕೇಳಿದ ಪ್ರಶ್ನೆಗೆಲ್ಲ ಬಾಗಿಲ ಆಚೆಯಿಂದ ಅವರೇ ಉತ್ತರ ಹೇಳುತ್ತಿದ್ದರು. ಡಾಕ್ಟರಮ್ಮ ನನ್ನ ಕಡೆ ತಿರುಗಿ, "ಈಕೆಗೆ ಕಾಯಿಲೆ ಇದ್ರೆ ಅದು ಬಾಗಿಲ ಹೊರಗೆ ನಿಂತಿದೆ" ಅಂದರು. ಆಕೆ ಬಟ್ಟೆ ಸರಿಮಾಡಿಕೊಳ್ಳುತ್ತ, ಅಚ್ಚ ಕನ್ನಡದಲ್ಲಿ, "ಅದು ನಿಮ್ಮ ಫಿಲ್ಮಲ್ಲಿ ಕಾಣತ್ತಾ ಡಾಕ್ಟ್ರೇ?" ಅಂತ ಕೇಳಿದಳು. ಡಾಕ್ಟರಮ್ಮ ಎದ್ದು ನಿಂತು ಕೈ ಮುಗಿದರು. ಆಕೆ ಪ್ರತಿ ವರ್ಷ ತಪ್ಪದೆ ಬಂದಳು, ಮುಂದಿನ ವರ್ಷದಿಂದ ಒಬ್ಬಳೇ.

ವರ್ಷವರ್ಷ ಬರುತ್ತಿದ್ದುದು ಮ್ಯಾಮೋಗ್ರಾಂ ತೆಗೆಸಿಕೊಳ್ಳುವುದಕ್ಕೆ. ಒಬ್ಬ ಮಿಲ್ ಮಾಲೀಕರು, ಎದೆಯ ಕ್ಯಾನ್ಸರಿನಿಂದ ತೀರಿಹೋದ ಹೆಂಡತಿಯ ನೆನಪಿಗೆ ಆ ಯಂತ್ರವನ್ನು ಕೊಡಿಸಿದ್ದರು. ಆಗ ನಮ್ಮ ಕಡೆ ಅದು ಅಪರೂಪ. ಮೈಯಲ್ಲಿ ಯಾವ ತೊಂದರೆಯೂ ಇಲ್ಲದ, ನಲವತ್ತು ದಾಟಿದ ಹೆಂಗಸರು ವರ್ಷಕ್ಕೊಂದು ಸಲ ಬರಬೇಕು. ನಾನು ಎದೆಯನ್ನು ಎರಡು ಹಲಗೆಗಳ ನಡುವೆ ಒತ್ತಿ ಎಕ್ಸ್-ರೇ ತೆಗೆಯಬೇಕು. ಗಂಟು ಕೈಗೆ ಸಿಗುವ ಮೊದಲೇ ಡಾಕ್ಟರಮ್ಮ ಅದನ್ನು ಕಣ್ಣಿನಲ್ಲಿ ಹಿಡಿಯಬೇಕು. ಹೆಂಗಸರು ಅದಕ್ಕೆ ಹಪ್ಪಳದ ಮೆಷಿನ್ ಅಂತ ಹೆಸರಿಟ್ಟರು. ಒತ್ತಿಸಿಕೊಂಡವರಿಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಡಾಕ್ಟರಮ್ಮ ಕುಳ್ಳಗಿದ್ದರು. ಹಿಂದಿನಿಂದ ಬೆಳಕು ಬೀಳುವ ಪೆಟ್ಟಿಗೆಗೆ ಫಿಲ್ಮ್ ಸಿಕ್ಕಿಸಿ ನೋಡಲು ಒಂದು ಮರದ ಮಣೆಯ ಮೇಲೆ ನಿಲ್ಲುತ್ತಿದ್ದರು. ಕೈಯಲ್ಲಿ ಡಾಕ್ಟರುಗಳ ಭೂತಗನ್ನಡಿ ಅಲ್ಲ, ಮಿಲ್ಲುಗಳಲ್ಲಿ ಬಟ್ಟೆಯ ಎಳೆ ಎಣಿಸಲು ಇಟ್ಟುಕೊಳ್ಳುವ ಮಡಿಸುವ, ಹಿತ್ತಾಳೆ ಕಟ್ಟಿನ ಗಾಜು. ಅವರ ತಂದೆ ನೇಯ್ಗೆ ವಿಭಾಗದ ಮೇಸ್ತ್ರಿಯಾಗಿದ್ದರಂತೆ. ಫಿಲ್ಮುಗಳ ಬಗ್ಗೆ ಮಾತಾಡುವಾಗಲೂ ಅವರಿಗೆ ಬಟ್ಟೆಯ ಮಾತೇ. ಕೆಲವರ ಎದೆ ಫಿಲ್ಮಿನಲ್ಲಿ ಪೂರ್ತಿ ಬೆಳ್ಳಗೆ ಬರುತ್ತದೆ. ಗಂಟೂ ಬೆಳ್ಳಗೇ ಇರುವುದರಿಂದ ಏನೂ ಕಾಣುವುದಿಲ್ಲ. "ಹಿಂಜಿದ ಹತ್ತೀಲಿ ಮಲ್ಲಿಗೆ ಮೊಗ್ಗು ಹುಡುಕು ಅಂತಾರೆ" ಎಂದು ಗೊಣಗುತ್ತಿದ್ದರು. ಎಲ್ಲ ಸರಿಯಿದ್ದಾಗ ಬರೆಯುವ ಒಂದು ಸಾಲಿನ ರಿಪೋರ್ಟಿಗೆ ಅವರಿಟ್ಟ ಹೆಸರು 'ಆಶೀರ್ವಾದ'. "ಇವತ್ತು ಹದಿನೆಂಟು ಆಶೀರ್ವಾದ ಮಾಡ್ದೆ ಕಣೆ. ಯಾವ ಮಠದ ಸ್ವಾಮಿಗೂ ಇಷ್ಟು ಕೆಲಸ ಇರಲ್ಲ."

ಅವರನ್ನು ಆಸ್ಪತ್ರೆಯಲ್ಲಿ ವಿಚಿತ್ರದವರು ಅನ್ನಿಸಿದ್ದು ಶನಿವಾರದ ಕೆಲಸ. ಏನೂ ಇಲ್ಲ ಅನ್ನಿಸಿಕೊಂಡು ಹೋದ ಹೆಂಗಸರಲ್ಲಿ ಎಲ್ಲೋ ಒಬ್ಬಿಬ್ಬರು, ಮುಂದಿನ ವರ್ಷದ ಸರದಿ ಬರುವ ಮೊದಲೇ, ಎದೆಯಲ್ಲಿ ಗಂಟು ಅಂತ ಸರ್ಜನ್ ಹತ್ತಿರ ಬರುತ್ತಿದ್ದರು. ಅಂಥ ಒಬ್ಬರು ಬಂದರೆಂದರೆ ಡಾಕ್ಟರಮ್ಮ ಆಕೆಯ ಹಳೆಯ ಫಿಲ್ಮನ್ನು ಹೊರಗೆ ತೆಗೆಸುತ್ತಿದ್ದರು. ಆಗ ಗಂಟು ಇರಲೇ ಇಲ್ಲವೋ, ಇದ್ದೂ ತಾವು ನೋಡಲಿಲ್ಲವೋ, ಅದು ತಿಳಿಯಬೇಕು. ಬರೀ ಆ ಫಿಲ್ಮೊಂದನ್ನೇ ನೋಡಲು ಒಪ್ಪುತ್ತಿರಲಿಲ್ಲ. "ಕಳ್ಳ ಸಿಕ್ಕ ಮೇಲೆ ಹೆಜ್ಜೆ ಗುರುತು ಎಲ್ರಿಗೂ ಕಾಣತ್ತೆ" ಅನ್ನುವರು. ನಾನು ಅದರ ಜೊತೆ ಬೇರೆ ಒಂಬತ್ತು ಹೆಂಗಸರ ಫಿಲ್ಮು ಸೇರಿಸಿ, ಹೆಸರುಗಳ ಮೇಲೆ ಪ್ಲಾಸ್ಟರ್ ಅಂಟಿಸಿ, ಇಸ್ಪೀಟಿನ ಹಾಗೆ ಕಲಸಿ ಕೊಡಬೇಕಿತ್ತು. ಅವರು ಹತ್ತನ್ನೂ ಹೊಸದಾಗಿ ನೋಡಿ ಹೇಳಬೇಕು. ಆಮೇಲೆ ಪ್ಲಾಸ್ಟರ್ ಕಿತ್ತು ನೋಡಬೇಕು.

ಬೀರುವಿನ ಕೆಳಗಿನ ಖಾನೆಯಲ್ಲಿ ಇದಕ್ಕಾಗಿ ಮೂರು ಕಂದು ಕವರುಗಳಿದ್ದವು. ಮೊದಲನೆಯದರ ಮೇಲೆ 'ಇರಲಿಲ್ಲ', ಎರಡನೆಯದರ ಮೇಲೆ 'ಇತ್ತೋ ಏನೋ', ಮೂರನೆಯದರ ಮೇಲೆ 'ಇತ್ತು' ಅಂತ ತಮಿಳಿನಲ್ಲಿ ಬರೆದಿದ್ದರು. ಮೊದಲನೆಯದೇ ದಪ್ಪಗಿತ್ತು, ಎಷ್ಟೋ ಗಂಟುಗಳು ನಿಜವಾಗಿಯೂ ಎರಡು ತಪಾಸಣೆಗಳ ನಡುವೆಯೇ ಹುಟ್ಟಿ ಬೆಳೆಯುವಂಥವು. ಮೂರನೆಯದು ತೆಳ್ಳಗಿತ್ತು. ಅದಕ್ಕೊಂದು ಫಿಲ್ಮ್ ಸೇರಿದ ದಿನ ಅವರು ನಾಲ್ಕು ಗಂಟೆಯ ಕಾಪಿ ಕುಡಿಯುತ್ತಿರಲಿಲ್ಲ. 

ಆಡಳಿತಾಧಿಕಾರಿಗೆ ಈ ಕವರುಗಳನ್ನು ಕಂಡರೆ ಆಗುತ್ತಿರಲಿಲ್ಲ. ಅವರು ಮರ್ಯಾದಸ್ಥ ಮನುಷ್ಯ, ಹಣೆ ತುಂಬ ವಿಭೂತಿ. ಒಂದು ದಿನ ತಮಿಳಿನಲ್ಲಿ ಬಹಳ ಮೆತ್ತಗೆ, "ಇಂಥ ಕವರು ನಮ್ಮಲ್ಲಿದೆ ಅಂತ ಹೊರಗೆ ಗೊತ್ತಾದರೆ ಜನ ಬೇರೆ ಆಸ್ಪತ್ರೆಗೆ ಹೋಗಿಬಿಡ್ತಾರಲ್ಲ ಅಮ್ಮಾ?" ಅಂದರು.

"ಹೋಗಲಿ ಸಾರ್. ಕವರ್ ಇಲ್ಲದ ಆಸ್ಪತ್ರೆಯಲ್ಲಿ ತಪ್ಪೇ ಆಗೋದಿಲ್ಲ" ಅಂದರು ಡಾಕ್ಟರಮ್ಮ.

ಅಧಿಕಾರಿ ಇದನ್ನು ಹೊಗಳಿಕೆ ಅಂತ ತಿಳಿದು ತಲೆಯಾಡಿಸಿಕೊಂಡು ಹೋದರು.

ಯಂತ್ರ ಬಂದು ಮೂರು ವರ್ಷ ತುಂಬಿದ್ದಕ್ಕೆ ಆಸ್ಪತ್ರೆಯಲ್ಲಿ ಒಂದು ಸಮಾರಂಭವಾಯಿತು. ಬೆಳಿಗ್ಗೆ ಉಚಿತ ತಪಾಸಣೆ, ಸಂಜೆ ಸಭೆ. ನಾನು ಧಾರಾಪುರದಿಂದ ನನ್ನ ಸೋದರತ್ತೆಯನ್ನು ಕರೆಸಿದ್ದೆ. ಅಪ್ಪನ ಅಕ್ಕ ಆಕೆ. ಅಮರಾವತಿ ಹೊಳೆಯ ಬದಿಯಲ್ಲಿ ಗದ್ದೆ, ಪೇಟೆಯಲ್ಲಿ ಮಾವನ ದವಸದ ಮಂಡಿ. ಅತ್ತೆಗೆ ತನ್ನ ಮೈ ತೋರಿಸುವುದು ಇಷ್ಟವಿರಲಿಲ್ಲ. "ನಂಗೇನಾಗಿದೆ ಅಮ್ಮಣಿ? ನಾ ಗಟ್ಟಿಯಾಗಿದ್ದೀನಿ" ಅಂತ ಹಟ ಮಾಡಿದಳು. ನಾನು ಕೆಲಸ ಮಾಡುವ ಜಾಗ, ನನ್ನ ಮೆಷಿನ್, ನನ್ನ ಡಾಕ್ಟರಮ್ಮ ಅಂತೆಲ್ಲ ಹೇಳಿ ಒಪ್ಪಿಸಿದೆ. ಅತ್ತೆಯ ಫಿಲ್ಮ್ ತೆಗೆದವಳೂ ನಾನೇ.

ಆ ದಿನ ಬಂದ ಹೆಂಗಸರು ಮಾಮೂಲಿಗಿಂತ ಎರಡರಷ್ಟು. ಮಧ್ಯಾಹ್ನ ಅಧಿಕಾರಿ ಮೂರು ಸಲ ಬಾಗಿಲಿಗೆ ಬಂದರು. ಸಂಜೆ ಯಂತ್ರ ಕೊಟ್ಟ ಯಜಮಾನರ ಎದುರು ಫಲಿತಾಂಶ ಹೇಳಬೇಕಂತೆ, ಅವರಿಗೆ ಸಂತೋಷವಾಗುತ್ತದಂತೆ. "ನಾಳೆ ಹೇಳಿದ್ರೆ ಸಂತೋಷ ಆಗಲ್ವಾ?" ಅಂತ ಡಾಕ್ಟರಮ್ಮ ಕೇಳಿದರು. ಕೇಳಿದರೇ ಹೊರತು, ನಾಳೆಯೇ ಅಂತ ಹಟ ಹಿಡಿಯಲಿಲ್ಲ. ಮಣೆಯ ಮೇಲೆ ನಿಂತು ಬೇಗ ಬೇಗ ನೋಡಿ ಮುಗಿಸಿದರು. ಸಂಜೆ ಮೈಕಿನಲ್ಲಿ, ಇವತ್ತು ಬಂದ ತಾಯಂದಿರಲ್ಲಿ ಒಬ್ಬರಿಗೂ ಏನೂ ಇಲ್ಲ ಅಂತ ಘೋಷಣೆಯಾಯಿತು. ಜನ ಚಪ್ಪಾಳೆ ತಟ್ಟಿದರು. ಅತ್ತೆಯೂ ತಟ್ಟಿದಳು. ಇಂಗ್ಲಿಷಿನಲ್ಲಿದ್ದ ಚೀಟಿಯನ್ನು ನಾನೇ ಓದಿ ಹೇಳಿದೆ. "ಏನೂ ಇಲ್ಲ ಅತ್ತೆ."

ಎಂಟು ತಿಂಗಳಾದ ಮೇಲೆ ಮಾವ ಅತ್ತೆಯನ್ನು ಕರೆದುಕೊಂಡು ಬಂದರು. ಬಲಗಡೆ ನೆಲ್ಲಿಕಾಯಿಯಷ್ಟು ಗಂಟು. ಯಾವಾಗಿನಿಂದ ಅಂದರೆ, ಕೈಗೆ ಸಿಕ್ಕಿ ಎರಡು ತಿಂಗಳಾಗಿತ್ತು.

"ಎರಡು ತಿಂಗ್ಳು ಸುಮ್ನೆ ಇದ್ಯಾ ಅತ್ತೆ?"

"ಚೀಟೀಲಿ ಏನೂ ಇಲ್ಲ ಅಂತ ಇತ್ತಲ್ಲ ಅಮ್ಮಣಿ. ನೀನೇ ಓದಿದ್ದೆ."

ಚೀಟಿಯನ್ನು ಆಕೆ ದೇವರ ಗೂಡಿನಲ್ಲಿ ಇಟ್ಟಿದ್ದಳು. ಕೈಗೆ ಗಂಟು ಸಿಕ್ಕಾಗಲೆಲ್ಲ ಹೋಗಿ ಅದನ್ನು ಕಣ್ಣಿಗೆ ಒತ್ತಿಕೊಂಡು ಬರುತ್ತಿದ್ದಳಂತೆ. ತನ್ನ ಕೈಗಿಂತ ನಮ್ಮ ಕಾಗದವನ್ನು ನಂಬಿದ್ದಳು.

ಆಪರೇಷನ್ ಆಯಿತು. ಬಲಗಡೆಯ ಎದೆ ತೆಗೆದರು. ಅತ್ತೆ ಊರಿಗೆ ಹೋದ ಮೇಲಿನ ಶನಿವಾರ ನಾನು ಹತ್ತು ಫಿಲ್ಮು ಜೋಡಿಸಿದೆ.  ಹತ್ತರಲ್ಲಿ ಒಂದು ನನ್ನ ಅತ್ತೆಯದು ಅಂತ ಡಾಕ್ಟರಮ್ಮನಿಗೂ ಗೊತ್ತಿತ್ತು, ಯಾವುದು ಅಂತ ಗೊತ್ತಿರಲಿಲ್ಲ. ಮೊದಲನೆಯ ಕವರಿಗೇ ಹೋಗಲಿ ಅಂತ ಮಾರಮ್ಮನಿಗೆ ಹರಕೆ ಹೊತ್ತೆ. ಯಾರ ಪರವಾಗಿ ಹೊತ್ತೆ, ಅತ್ತೆಗೋ ಡಾಕ್ಟರಮ್ಮನಿಗೋ ನನಗೋ, ಇವತ್ತಿಗೂ ಗೊತ್ತಿಲ್ಲ.

ನಾಲ್ಕು ಫಿಲ್ಮು ದಾಟಿದರು. ಐದನೆಯದರಲ್ಲಿ ಹಿತ್ತಾಳೆ ಗಾಜು ಒಂದು ಕಡೆ ನಿಂತಿತು.

"ಇಲ್ಲಿ ನೋಡು. ಬಲಗಡೆ, ಮೇಲೆ, ಕಂಕುಳ ಹತ್ರ. ಒಂದು ಎಳೆ ಜಗ್ಗಿದ್ರೆ ಸುತ್ತಲ ಬಟ್ಟೆ ಸುಕ್ಕಾಗತ್ತಲ್ಲ, ಹಾಗೆ ಸುಕ್ಕಾಗಿದೆ. ಇವ್ರನ್ನ ಕರೆಸ್ಬೇಕು. ಇದನ್ನ ಏನೂ ಇಲ್ಲ ಅಂತ ಯಾರು ಬರ್ದಿದ್ದು?"

"ನೀವೇ ಮೇಡಂ."

"ಅದು ಗೊತ್ತು. ಯಾರ್ದು?"

ನಾನು ಪ್ಲಾಸ್ಟರ್ ಕಿತ್ತೆ. ಅವರು ಹೆಸರು ಓದಿದರು. ಮಣೆಯಿಂದ ಇಳಿದು, ಬೀರು ತೆರೆದು, ಫಿಲ್ಮನ್ನು ಮೂರನೇ ಕವರಿಗೆ ಹಾಕಿದರು.  ನಾನು ಅಳುತ್ತಿದ್ದೆ.  "ನಾಳೆ ಧಾರಾಪುರಕ್ಕೆ ಬಸ್ಸು ಎಷ್ಟು ಹೊತ್ತಿಗೆ?" ಅಂತ ಕೇಳಿದರು.

ಭಾನುವಾರ ಬೆಳಿಗ್ಗೆ ಇಬ್ಬರೂ ಪಲ್ಲಡಂ ಮಾರ್ಗವಾಗಿ ಹೋದೆವು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು. "ಆ ದಿನ ನಾಳೆ ನೋಡ್ತೀನಿ ಅಂದಿದ್ರೆ ಯಾರೂ ನನ್ನ ತಲೆ ತೆಗೀತಿರಲಿಲ್ಲ. ಅವಸರ ಮಾಡ್ಸಿದ್ದು ಅವ್ರು, ಮಾಡಿದ್ದು ನಾನು."

ಅತ್ತೆ ಜಗುಲಿಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಡಾಕ್ಟರು ಮನೆಗೇ ಬಂದರಲ್ಲ ಅಂತ ಮಾವ ಹೆಗಲ ಮೇಲಿನ ಟವಲು ತೆಗೆದು ಸೊಂಟಕ್ಕೆ ಕಟ್ಟಿ ಓಡಾಡಿದರು. ಡಾಕ್ಟರಮ್ಮ ಕೂರಲಿಲ್ಲ.

"ಅಮ್ಮಾ, ನಿಮ್ಮ ಹೋದ ಸಲದ ಫಿಲ್ಮನ್ನ ಮತ್ತೆ ನೋಡ್ದೆ. ಗಂಟಿನ ಗುರುತು ಆಗಲೇ ಇತ್ತು. ನಾನು ನೋಡ್ಲಿಲ್ಲ. ನೋಡಿದ್ರೆ ಎಂಟು ತಿಂಗಳು ಮೊದಲೇ ತೆಗೀಬಹುದಿತ್ತು. ತಪ್ಪು ನಂದು. ಫಿಲ್ಮ್ ತೆಗೆದವರದ್ದಲ್ಲ, ಅವಳು ಚೆನ್ನಾಗೇ ತೆಗ್ದಿದ್ಲು."

ಮಾವನ ಕೈಯ ನೀರಿನ ಚೊಂಬು ಅಲ್ಲೇ ನಿಂತಿತು. ಅತ್ತೆ ದಿಂಬು ಬಿಟ್ಟು ನೆಟ್ಟಗೆ ಕೂತಳು.

"ನೀವು ಹೇಳ್ದೆ ಇದ್ದಿದ್ರೆ ನಂಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ಯಾರಿಗಾದ್ರೂ?"

"ಇಲ್ಲ."

"ಅಪ್ಪೊ ಯಾತಕ್ಕೆ ಬಂದ್ರಿ? ಇಷ್ಟು ದಿನ ನಂ ಹಣೇಬರ ಅಂತ ಇದ್ದೆ. ಹಣೇಬರ ಆದ್ರೆ ಬೈಯೋ ಹಂಗಿಲ್ಲ, ಸುಮ್ನೆ ಮಲಗ್ಬಹುದು. ಈಗ ನೀವು ಅಂತ ಆಯ್ತು. ಇನ್ನು ನಾ ನಿಮ್ಮನ್ನ ಬೈಬೇಕು, ದಿನಾ ಬೈಬೇಕು. ನಂಗೆ ಶಕ್ತಿ ಎಲ್ಲಿದೆ?"

  ಅತ್ತೆ ಮಾವನ ಕಡೆ ತಿರುಗಿ, "ಕಾಪಿ ಕೊಡ್ಸಿ, ಬಿಸ್ಲಲ್ಲಿ ಬಂದಿದ್ದಾರೆ" ಅಂದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿದಳು. ಕಾಪಿ ಬಂತು. ಡಾಕ್ಟರಮ್ಮ ನಿಂತೇ ಕುಡಿದರು. ಹೊರಡುವಾಗ ಅತ್ತೆ ಗೋಡೆಗೇ ಹೇಳುವಂತೆ ಹೇಳಿದಳು:

"ಆ ಚೀಟೀಲಿ ಇನ್ನೊಂದು ಮಾತು ಬರೀರಿ. ಕೈಗೆ ಏನಾದ್ರೂ ಸಿಕ್ಕಿದ್ರೆ ಈ ಚೀಟಿ ನಂಬ್ಬೇಡ, ಓಡಿ ಬಾ ಅಂತ. ನಮಗೆ ಅರ್ಥವಾಗೋ ಭಾಷೇಲಿ ಬರೀರಿ."

ಮರುದಿನವೇ ಡಾಕ್ಟರಮ್ಮ ಟೌನ್‌ಹಾಲ್ ಹತ್ತಿರ ಹೋಗಿ ತಮಿಳಿನಲ್ಲಿ ಒಂದು ರಬ್ಬರ್ ಸ್ಟಾಂಪು ಮಾಡಿಸಿದರು. ಅತ್ತೆಯ ಮಾತೇ, ಭಾಷೆ ಮಾತ್ರ ಬೇರೆ. ಪ್ರತಿ ಆಶೀರ್ವಾದದ ಕೆಳಗೂ ಅದನ್ನು ಒತ್ತತೊಡಗಿದರು. ಎರಡು ವಾರದಲ್ಲಿ ಅದು ಅಧಿಕಾರಿಯ ಕಣ್ಣಿಗೆ ಬಿತ್ತು. ನಮ್ಮ ರಿಪೋರ್ಟನ್ನು ನಂಬಬೇಡಿ ಅಂತ ನಮ್ಮ ರಿಪೋರ್ಟಿನಲ್ಲೇ ಬರೆದರೆ, ಆ ಸಾಲನ್ನಾದರೂ ನಂಬಬೇಕೋ ಬೇಡವೋ ಅಂತ ಅವರು ಕೇಳಿದರು. ಅವರ ಜೀವನದಲ್ಲಿ ಕೇಳಿದ ಒಂದೇ ಒಳ್ಳೆಯ ಪ್ರಶ್ನೆ ಅದು. ಧಾರಾಪುರಕ್ಕೆ ಹೋಗಿದ್ದೂ ಹೇಗೋ ತಿಳಿದಿತ್ತು. ಒಂದು ಮೆಮೊ ಬಂತು. ಡಾಕ್ಟರಮ್ಮನ ಕಣ್ಣಿಗೆ ವಿಶ್ರಾಂತಿ ಬೇಕಾಗಿರುವುದರಿಂದ ಇನ್ನು ಮುಂದೆ ಅವರು ಮುರಿದ ಮೂಳೆಗಳ ಎಕ್ಸ್-ರೇ ಮಾತ್ರ ನೋಡತಕ್ಕದ್ದು. ಮ್ಯಾಮೋಗ್ರಾಂ ಕಿರಿಯ ಡಾಕ್ಟರಿಗೆ.

ಕಿರಿಯ ಡಾಕ್ಟರು ಒಳ್ಳೆಯ ಹುಡುಗ, ಬುದ್ಧಿವಂತ. ಶನಿವಾರ ಮಧ್ಯಾಹ್ನ ಮನೆಗೆ ಹೋಗುತ್ತಿದ್ದ. ಅವನು ಫಿಲ್ಮ್ ನೋಡಿದ ಆರು ತಿಂಗಳು ನಮ್ಮ ಆಸ್ಪತ್ರೆಯಲ್ಲಿ ಒಂದೇ ಒಂದು ತಪ್ಪೂ ಆಗಲಿಲ್ಲ. ಹುಡುಕುವವರು ಇರಲಿಲ್ಲ.

ಅತ್ತೆ ಉಳಿದ ಎಡಗಡೆಯ ತಪಾಸಣೆಗೆ ಬಂದದ್ದು ಆಗಲೇ. ಬರುವುದಿಲ್ಲ ಅಂತ ನಾನು ತಿಳಿದಿದ್ದೆ. ಫಿಲ್ಮ್ ತೆಗೆದು ಕಿರಿಯ ಡಾಕ್ಟರ ಹತ್ತಿರ ಒಯ್ಯಲು ಹೊರಟ ನನ್ನನ್ನು ಸೆರಗು ಹಿಡಿದು ನಿಲ್ಲಿಸಿದಳು.

"ಆಯಮ್ಮ ಎಲ್ಲಿ?"

"ಅವ್ರು ಈಗ ಮೂಳೆ ನೋಡ್ತಾರೆ ಅತ್ತೆ. ಇವ್ರೂ ಒಳ್ಳೇ ಡಾಕ್ಟ್ರೇ."

"ಇರ್ಬಹುದು. ಇವ್ರು ತಪ್ಪೇ ಮಾಡಲ್ವೋ, ಮಾಡಿದ್ರೂ ಹೇಳಲ್ವೋ, ನಂಗೆ ಹೆಂಗೆ ಗೊತ್ತಾಗ್ಬೇಕು? ಆಯಮ್ಮನ್ದು ಗೊತ್ತು."

ಕಾರಿಡಾರಿನ ಬೆಂಚಿನ ಮೇಲೆ ಕೂತುಬಿಟ್ಟಳು. ನಾನು ಫಿಲ್ಮನ್ನು ಮೂಳೆ ಕೋಣೆಗೆ ಒಯ್ದೆ. ಡಾಕ್ಟರಮ್ಮ ಮೆಮೊವನ್ನು ಮೇಜಿನ ಮೇಲಿಂದ ಪಕ್ಕಕ್ಕೆ ಸರಿಸಿ ಫಿಲ್ಮು ಸಿಕ್ಕಿಸಿದರು. ಎರಡು ಸಲ ನೋಡಿದರು. ಆಮೇಲೆ ಕಿರಿಯ ಡಾಕ್ಟರನ್ನೂ ಕರೆದು ಬೇರೆಯಾಗಿ ನೋಡಿಸಿದರು. ಹೊರಗೆ ಬಂದು ಅತ್ತೆಯ ಎದುರು ನಿಂತರು.

"ನನ್ನ ಕಣ್ಣಿಗೆ ಏನೂ ಕಾಣ್ಲಿಲ್ಲ ಅಮ್ಮಾ. ಅವ್ರ ಕಣ್ಣಿಗೂ ಕಾಣ್ಲಿಲ್ಲ."

"ಏನೂ ಇಲ್ಲ ಅಂತ ಹೇಳೋದಕ್ಕೇನು?"

"ಅದು ನಂಗೆ ಗೊತ್ತಿಲ್ಲ."

ಅತ್ತೆ ಸೆರಗು ಕೊಡವಿಕೊಂಡು ಎದ್ದಳು. "ಶರಿ. ಮುಂದಿನ ವರ್ಷನೂ ನೀವೇ ನೋಡ್ಬೇಕು."

"ನೋಡ್ತೀನಿ" ಅಂದುಬಿಟ್ಟರು ಡಾಕ್ಟರಮ್ಮ. ಮುಂದಿನ ವರ್ಷಕ್ಕೆ ಮೊದಲೇ ಅವರ ನಿವೃತ್ತಿ ಅಂತ ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಸ್ವಲ್ಪ ದಿನದಲ್ಲೇ ಕಿರಿಯ ಡಾಕ್ಟರು ಮಸ್ಕತ್‌ಗೆ ಕೆಲಸ ಸಿಕ್ಕಿ ಹೊರಟುಹೋದರು. ಆಸ್ಪತ್ರೆಯಲ್ಲಿ ಬೇರೆ ಯಾರೂ ಇರಲಿಲ್ಲ. ಡಾಕ್ಟರಮ್ಮನ ಕಣ್ಣಿಗೆ ಸಾಕಷ್ಟು ವಿಶ್ರಾಂತಿ ಸಿಕ್ಕಿದೆ ಅಂತ ಇನ್ನೊಂದು ಮೆಮೊ ಬಂತು. ಅವರು ಬಂದರು, ಸ್ಟಾಂಪೂ ಬಂತು. ಈ ಸಲ ಅಧಿಕಾರಿ ಅದನ್ನು ನೋಡಿಯೂ ನೋಡದವರಂತೆ ಇದ್ದರು. ಅಷ್ಟರಲ್ಲಿ, ಹಳೆಯ ಚೀಟಿಯಲ್ಲಿ ಆ ಸಾಲು ಓದಿ, ಸರದಿಗೆ ಕಾಯದೆ ಹೆಂಗಸರು ಬರತೊಡಗಿದ್ದರು. ಪಲ್ಲಡಂ ಕಡೆಯ ಒಬ್ಬಾಕೆ ಚೀಟಿಯನ್ನು ಮುಂದೆ ಹಿಡಿದು, "ಇದನ್ನ ನಂಬಬೇಡ ಅಂತ ಇದ್ರಲ್ಲೇ ಹಾಕಿದ್ದೀರಿ, ಅದಕ್ಕೇ ಬಂದೆ" ಅಂದಳು. ಬಟಾಣಿಯಷ್ಟೇ ಇತ್ತು ಗಂಟು.

ಬೀಳ್ಕೊಡುಗೆಯ ದಿನ ಅಧಿಕಾರಿ ಶಾಲು ಹೊದಿಸಿ, ಈ ತಾಯಿಯ ಕಣ್ಣಿಗೆ ಯಾವತ್ತೂ ಏನೂ ತಪ್ಪಿಸಿಕೊಂಡಿದ್ದೇ ಇಲ್ಲ ಅಂತ ಗದ್ಗದಿತರಾಗಿ ಮಾತಾಡಿದರು. ಡಾಕ್ಟರಮ್ಮ ಎದ್ದು, "ತುಂಬಾ ಸಂತೋಷ. ತಪ್ಪಿಸಿಕೊಂಡಿದ್ದೆಲ್ಲ ಬೀರುವಿನ ಕೆಳಗಿನ ಖಾನೆಯಲ್ಲಿದೆ. ಹೊಸಬರು ಬಂದ ದಿನವೇ ನೋಡಬೇಕು" ಅಂದು ಕೂತರು. ಜನ ನಕ್ಕರು. ತಮಾಷೆ ಅಂದುಕೊಂಡರು.

ಮರುವರ್ಷ ಅತ್ತೆ ಬರುವ ದಿನವನ್ನು ನಾನು ಡಾಕ್ಟರಮ್ಮನಿಗೆ ಹೇಳಿರಲಿಲ್ಲ, ಕರೆಯುವುದಕ್ಕೆ ಸಂಕೋಚ. ಬೆಳಿಗ್ಗೆ ಕೆಲಸಕ್ಕೆ ಹೋದಾಗ ಅವರು ತಾವೇ ತಾರೀಖು ನೆನಪಿಟ್ಟುಕೊಂಡು, ಆಗಲೇ ಸಿಟಿ ಬಸ್ಸಿನಲ್ಲಿ ಬಂದು ರೋಗಿಗಳ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಅತ್ತೆ.  ಅತ್ತೆ ಊರಿಂದ ತಂದ ಕಡಲೆಕಾಯಿಯ ಪೊಟ್ಟಣ ಇಬ್ಬರ ನಡುವೆ ಬಿಚ್ಚಿಟ್ಟಿತ್ತು. ಸರದಿ ಬಂದಾಗ ಇಬ್ಬರೂ ಎದ್ದರು. ಬಾಗಿಲಲ್ಲಿ ಒಬ್ಬ ಹೊಸ ವಾಚ್‌ಮನ್ ಇದ್ದ. ಅವನು ಡಾಕ್ಟರಮ್ಮನಿಗೆ ಕೈ ಅಡ್ಡ ಹಿಡಿದು, ರೋಗಿಯ ಜೊತೆ ಮನೆಯವರನ್ನು ಮಾತ್ರ ಬಿಡುವುದು, ನೀವು ಆಕೆಗೆ ಏನಾಗಬೇಕು ಅಂತ ಕೇಳಿದ.

 ನಾನು ಅವನಿಗೆ ಇವರು ಯಾರು ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಅವನ ಕೈಯನ್ನು ಪಕ್ಕಕ್ಕೆ ತಳ್ಳಿ, ಅವನಿಗೆ ತಿಳಿಯದ ಕನ್ನಡದಲ್ಲೇ ಗದರಿದಳು:

"ಬಿಡಪ್ಪಾ, ಇವ್ರು ನಮ್ಮೋರು."